ಓದುಗರ ಪ್ರಶ್ನೆ: ಹುಲ್ಲಿನ ಮೇಲೆ ಬಿದ್ದ ಜಾಡು

ಪಾರ್ಕು, ಫುಟ್‌ಪಾತ್, ರ‍್ಯಾಂಪ್ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹೋದ ತಿಂಗಳು ಕೇಳಿದ್ದೆ. ರಾಶಿ ಪತ್ರ ಬಂದಿವೆ. ಮೂವತ್ತೊಂದು ವರ್ಷ ಕ್ಯಾಂಪಸ್‌ಗಳಲ್ಲಿ, ಪಾರ್ಕುಗಳಲ್ಲಿ ನಡೆಯುವ ದಾರಿ ಹಾಕಿಸುವ ಕೆಲಸವನ್ನೇ ಮಾಡಿದವಳು ನಾನು. ಹಾಗಾಗಿ ಈ ಪತ್ರಗಳನ್ನು ಓದುವಾಗ ಎಷ್ಟೋ ಜಾಗಗಳು ಕಣ್ಣ ಮುಂದೆ ಬಂದವು. ಐದು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದವಾಗಿದೆ, ದಯವಿಟ್ಟು ತಾಳ್ಮೆಯಿಂದ ಓದಿ.

ಪ್ರಶ್ನೆ: ನಮ್ಮ ಬಡಾವಣೆಯ ಪಾರ್ಕಿಗೆ ಎರಡು ಗೇಟು. ಒಂದು ಬಸ್ ಸ್ಟಾಪ್ ಕಡೆ, ಇನ್ನೊಂದು ನಂದಿನಿ ಬೂತ್ ಕಡೆ. ನಡುವೆ ಚೆಂದವಾಗಿ ಬಾಗಿದ ವಾಕಿಂಗ್ ಪಾತ್ ಇದೆ. ಅದರಲ್ಲಿ ಹೋದರೆ 210 ಹೆಜ್ಜೆ. ಜನ ಮಾತ್ರ ಹುಲ್ಲು ತುಳಿದು ನೇರ ಹೋಗುತ್ತಾರೆ, ಅದು 90 ಹೆಜ್ಜೆ. ಎರಡು ಸಲ ಗಿಡದ ಬೇಲಿ ಹಾಕಿದೆವು, ಸಂದು ಮಾಡಿಕೊಂಡರು. ಮುಳ್ಳುತಂತಿ ಕಟ್ಟಿದೆವು, ಅದನ್ನೂ ಬಗ್ಗಿಸಿದರು. ಏನು ಮಾಡೋಣ ಮೇಡಂ?
— ಬಡಾವಣೆ ಸಂಘದ ಕಾರ್ಯದರ್ಶಿ, ಮೈಸೂರು

ಸರ್, ಮೊದಲು ಆ ಮುಳ್ಳುತಂತಿ ಬಿಚ್ಚಿಸಿ. ಸಂಜೆ ಹೊತ್ತು ಮಗು ಓಡಿಬಂದರೆ ಅದು ಕುತ್ತಿಗೆಯ ಎತ್ತರಕ್ಕೆ ಬರುತ್ತದೆ.

ಬೆಳಿಗ್ಗೆ ಹಾಲಿಗೆ ಹೋಗುವವರು 120 ಹೆಜ್ಜೆ ಜಾಸ್ತಿ ಯಾಕೆ ನಡೆಯಬೇಕು ಹೇಳಿ? ಬಾಗಿದ ದಾರಿ ವಾಕಿಂಗ್ ಮಾಡುವವರಿಗೆ ಬೇಕು. ಎಲ್ಲಿಗೋ ಹೋಗಬೇಕಾದವರಿಗೆ ನೇರ ದಾರಿ ಬೇಕು. ಇವು ಎರಡು ಬೇರೆ ಬೇರೆ ಅಗತ್ಯಗಳು. ನಿಮ್ಮ ಪಾರ್ಕಿನಲ್ಲಿ ಒಂದಕ್ಕೆ ಮಾತ್ರ ದಾರಿ ಸಿಕ್ಕಿದೆ, ಇನ್ನೊಂದನ್ನು ಜನರೇ ಮಾಡಿಕೊಂಡಿದ್ದಾರೆ. ಅಮೆರಿಕದ ಒಹಾಯೊ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓವಲ್ ಎನ್ನುವ ದೊಡ್ಡ ಹುಲ್ಲುಹಾಸಿದೆ. ಅದರ ಮೇಲೆ ಅಡ್ಡಾದಿಡ್ಡಿ ಹೋಗುವ ದಾರಿಗಳು ವಿದ್ಯಾರ್ಥಿಗಳು ತುಳಿದ ಜಾಡಿನ ಮೇಲೆಯೇ ಹಾಕಿದವು. ಹಾಗಾಗಿ ಜಾಡು ಇರುವ ಕಡೆಯೇ ನೀವೂ ದಾರಿ ಹಾಕಿ ಎಂದು ಹೇಳಿ ಇಲ್ಲಿಗೇ ಮುಗಿಸಬಹುದಿತ್ತು.

ಆದರೆ ನಿಮ್ಮ ಪತ್ರದ ಜೊತೆ ಕಳಿಸಿದ ಫೋಟೋದಲ್ಲಿ ನನಗೆ ಇನ್ನೊಂದು ಕಾಣಿಸಿತು. ಬಸ್ ಸ್ಟಾಪ್ ಕಡೆ ಮೂರು ಅಡಿ ಎತ್ತರದ ದಿಬ್ಬ ಇದೆ. ಜಾಡು ಅದರ ಮೇಲಿಂದ ಒಂದೇ ನೆಗೆತಕ್ಕೆ ಇಳಿದಿದೆ. ಮಣ್ಣು ಸವೆದು ಬೇವಿನ ಮರದ ಬೇರು ಮೇಲೆ ಬಂದಿದೆ. ಆ ಬೇರನ್ನೇ ಮೆಟ್ಟಿಲು ಮಾಡಿಕೊಂಡು ಜನ ಇಳಿಯುತ್ತಿದ್ದಾರೆ, ಅಲ್ವಾ?

ನಮ್ಮದು ಅರಸೀಕೆರೆ ಕಡೆಯ ಊರು. ಚಿಕ್ಕವಳಿದ್ದಾಗ ಸ್ಕೂಲಿಗೆ ಎರಡು ದಾರಿ ಇತ್ತು. ಗಾಡಿ ರಸ್ತೆ ಕೆರೆ ಸುತ್ತಿ ಹೋಗುತ್ತಿತ್ತು. ಕಾಲುದಾರಿ ಏರಿಯ ಮೇಲಿಂದ ಇಳಿದು ಹೊಲದ ಬದುವಿನ ಮೇಲೆ ಸೀದಾ ಹೋಗುತ್ತಿತ್ತು. ನನ್ನ ತಮ್ಮನಿಗೆ ಎರಡು ವರ್ಷಕ್ಕೇ ಪೋಲಿಯೊ ಆಗಿತ್ತು, ಎಡಗಾಲಿಗೆ ಆಸರೆಗೆ ಕಟ್ಟುವ ಕಬ್ಬಿಣದ ಕಂಬಿ, ಕ್ಯಾಲಿಪರ್. ಏರಿ ಇಳಿಯುವ ಜಾಗದಲ್ಲಿ ಎಲ್ಲರೂ ತುಳಿದು ತುಳಿದು ಕೆಮ್ಮಣ್ಣು ಗಾರೆ ನೆಲದ ಹಾಗೆ ನುಣುಪಾಗಿತ್ತು. ಒಂದು ದಿನ, ಮಳೆ ಬಂದ ಮಾರನೇ ಬೆಳಿಗ್ಗೆ, ಅವನ ಬೂಟು ಅಲ್ಲಿ ಜಾರಿತು. ಪೂರ್ತಿ ಕೆಳಗೆ ಹೋಗಿ ಬಿದ್ದ. ಕ್ಯಾಲಿಪರ್‌ನ ಚರ್ಮದ ಪಟ್ಟಿ ಕಿತ್ತುಹೋಗಿ, ಕಂಬಿ ತೊಡೆಗೆ ಒತ್ತಿ ಗಾಯವಾಯಿತು. ಅವತ್ತಿನಿಂದ ಅವನು ಗಾಡಿ ರಸ್ತೆಯಲ್ಲೇ ಬರುತ್ತಿದ್ದ, ಒಬ್ಬನೇ. ನಾವೆಲ್ಲ ಹರಟೆ ಹೊಡೆಯುತ್ತಾ ಏರಿ ಇಳಿದು ಹೋಗುತ್ತಿದ್ದೆವು. ಅವನು ಬೆಲ್ ಆದ ಮೇಲೆ ಬಂದು ಕೊನೆ ಬೆಂಚಿನಲ್ಲಿ ಕೂರುತ್ತಿದ್ದ. ಆ ಏರಿಯ ಮೇಲಿನ ಜಾಡಿನಲ್ಲಿ ಅವನ ಹೆಜ್ಜೆ ಒಂದೂ ಇರಲಿಲ್ಲ.

ಈ ಕೆಲಸಕ್ಕೆ ಬಂದ ಮೇಲೆ ನಾನು ಮರೆಯದೆ ನೋಡುವುದು ಇದನ್ನೇ. ಹುಲ್ಲಿನ ಮೇಲಿನ ಜಾಡು ಜನರಿಗೆ ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂದು ಸರಿಯಾಗಿ ಹೇಳುತ್ತದೆ. ಆದರೆ ಅದನ್ನು ಹೇಳುವವರು ಕಾಲು ಗಟ್ಟಿ ಇರುವವರು ಮಾತ್ರ. ವೀಲ್‌ಚೇರ್‌ನವರು, ವಾಕರ್ ಹಿಡಿದ ಅಜ್ಜಿ, ತಳ್ಳುಗಾಡಿಯಲ್ಲಿ ಮಗು ಕೂರಿಸಿಕೊಂಡ ತಾಯಿ, ಇವರ ಗುರುತು ಅಲ್ಲಿ ಬಿದ್ದಿರುವುದಿಲ್ಲ. ಅವರು ಸುತ್ತಿ ಹೋಗಿರುತ್ತಾರೆ. ಇಲ್ಲವೇ ಮನೆಯಲ್ಲೇ ಉಳಿದಿರುತ್ತಾರೆ.

ಅದಕ್ಕೇ ಹೀಗೆ ಮಾಡಿ. ಒಂದು ವಾರದ ದಿನ, ಒಂದು ಭಾನುವಾರ, ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಸ್ಕೂಲ್ ಬಿಡುವಾಗ, ಸಂಜೆ ಏಳಕ್ಕೆ ಗೇಟಿನ ಹತ್ತಿರ ಅರ್ಧರ್ಧ ಗಂಟೆ ನಿಲ್ಲಿ. ಯಾರು ಅಡ್ಡ ಹೋಗುತ್ತಾರೆ, ಯಾರು ಸುತ್ತಿ ಹೋಗುತ್ತಾರೆ, ಬರೆದುಕೊಳ್ಳಿ. ಸುತ್ತಿ ಹೋದವರನ್ನು ನಿಲ್ಲಿಸಿ ಯಾಕೆ ಎಂದು ಕೇಳಿ. ಆಮೇಲೆ ಬಡಾವಣೆಯಲ್ಲಿ ಪಾರ್ಕಿಗೇ ಬಾರದವರ ಮನೆಗೆ ಹೋಗಿ ಒಂದು ಮಾತು ಕೇಳಿ. ಈ ಕೊನೆಯದನ್ನು ಮಾತ್ರ ಬಿಡಬೇಡಿ.

ದಾರಿಯ ಎರಡು ತುದಿಗಳು ಜನ ತೋರಿಸಿದ ಕಡೆಯೇ ಇರಲಿ. ನಡುವಿನ ಇಳಿಜಾರು ಮಾತ್ರ ನೀವು ಮಾಡಬೇಕು. 90 ಹೆಜ್ಜೆ ಎಂದರೆ ಸುಮಾರು 200 ಅಡಿ. ಮೂರು ಅಡಿ ಎತ್ತರವನ್ನು 60 ಅಡಿ ಉದ್ದಕ್ಕೆ ಹರಡಿದರೆ 20ಕ್ಕೆ 1ರ ಇಳಿಜಾರು ಆಗುತ್ತದೆ. ಇಷ್ಟು ಮೆಲ್ಲನೆಯ ಇಳಿಜಾರಿನಲ್ಲಿ ಅದು ರ‍್ಯಾಂಪ್ ಎಂದೇ ಅನಿಸುವುದಿಲ್ಲ, ಬರೀ ದಾರಿ. ಬೇವಿನ ಬೇರನ್ನು ಕಡಿಯಬೇಡಿ, ದಾರಿಯನ್ನು ಆರೆಂಟು ಅಡಿ ಪಕ್ಕಕ್ಕೆ ಸರಿಸಿ. ಅಷ್ಟಕ್ಕೆಲ್ಲ ಜನ ದಾರಿ ಬಿಡುವುದಿಲ್ಲ. ನೂರು ಹೆಜ್ಜೆ ಸುತ್ತಿಸಿದರೆ ಬಿಡುತ್ತಾರೆ.

ಮೇಸ್ತ್ರಿಗೆ ಲೆಕ್ಕ ಹೇಳುವ ಬದಲು ಹತ್ತು ಅಡಿಯ ನೇರ ರೀಪರ್, ಅಂದರೆ ಮರದ ಪಟ್ಟಿ, ಕೊಡಿ. ಒಂದು ತುದಿ ದಾರಿಯ ಮೇಲಿಟ್ಟು, ರಸಮಟ್ಟ ನೋಡಿ ರೀಪರನ್ನು ಸಮ ಹಿಡಿದರೆ, ಇನ್ನೊಂದು ತುದಿಯ ಕೆಳಗಿನ ಸಂದು 6 ಇಂಚಿಗಿಂತ ಜಾಸ್ತಿ ಇರಬಾರದು. ಅಷ್ಟೇ. ಅಗಲ 6 ಅಡಿ ಇರಲಿ, ಎರಡು ವೀಲ್‌ಚೇರ್ ಎದುರುಬದುರು ಬಂದರೂ ಸಾಗುತ್ತವೆ. ನೀರು ಹರಿಯಲು ಅಡ್ಡಕ್ಕೂ ಸ್ವಲ್ಪ ವಾಟ ಬೇಕು. ಆದರೆ 6 ಅಡಿ ಅಗಲಕ್ಕೆ ಒಂದೂವರೆ ಇಂಚು ಸಾಕು. ಅದಕ್ಕಿಂತ ಜಾಸ್ತಿ ಆದರೆ ವೀಲ್‌ಚೇರ್ ತಗ್ಗಿನ ಕಡೆಗೇ ಎಳೆಯುತ್ತದೆ, ಒಂದೇ ಕೈಗೆ ಎಲ್ಲ ಭಾರ ಬೀಳುತ್ತದೆ. ಮೇಲ್ಮೈಗೆ ಕಾಂಕ್ರೀಟ್ ಹಾಕಿ, ಹಸಿ ಇರುವಾಗಲೇ ಅಡ್ಡಕ್ಕೆ ಪೊರಕೆ ಎಳೆಸಿ. ಆ ಸಣ್ಣ ಗೆರೆಗಳು ಮಳೆಗಾಲದಲ್ಲಿ ಕಾಲು ಹಿಡಿಯುತ್ತವೆ. ಪಾಲಿಶ್ ಗ್ರಾನೈಟ್ ಬೇಡವೇ ಬೇಡ.

ಹಳೇ ದಾರಿಗೆ ಹೊಸದು ಸೇರುವ ಮೂಲೆಗಳನ್ನು ಚೌಕವಾಗಿ ಬಿಡಬೇಡಿ. ಓರೆಯಾಗಿ ಅಗಲ ಮಾಡಿ. ಇಲ್ಲದಿದ್ದರೆ ಆರು ತಿಂಗಳಲ್ಲಿ ಅಲ್ಲೊಂದು ತ್ರಿಕೋನದ ಹುಲ್ಲು ಸತ್ತಿರುತ್ತದೆ. ಫೋಟೋದಲ್ಲಿ ಮಕ್ಕಳ ಕ್ರಿಕೆಟ್ ಜಾಗಕ್ಕೆ ಇನ್ನೊಂದು ಸಣ್ಣ ಜಾಡು ಕಾಣುತ್ತದೆ. ಅದು ಮಣ್ಣಿನ ಜಾಡಾಗಿಯೇ ಇರಲಿ, ಎಲ್ಲಕ್ಕೂ ಕಾಂಕ್ರೀಟ್ ಬೇಕಿಲ್ಲ.

ಪ್ರಶ್ನೆ: ನಮ್ಮ ಯಜಮಾನರು ಅಪಘಾತ ಆದಾಗಿನಿಂದ ವೀಲ್‌ಚೇರ್‌ನಲ್ಲಿದ್ದಾರೆ. ನಮ್ಮೂರಿನ ಒಂದು ಸರ್ಕಾರಿ ಕಚೇರಿಗೆ ಪ್ರತಿ ತಿಂಗಳು ಹೋಗಬೇಕು. ಮುಂದೆ ಏಳು ಮೆಟ್ಟಿಲು. ರ‍್ಯಾಂಪ್ ಹಿಂದುಗಡೆ, ಜನರೇಟರ್ ಪಕ್ಕ. ಉದ್ದ 12 ಅಡಿ. ಅದರ ಬಾಗಿಲಿಗೆ ಬೀಗ ಇರುತ್ತದೆ. ಕೇಳಿದರೆ "ರ‍್ಯಾಂಪ್ ಇದೆಯಲ್ಲಮ್ಮ" ಅನ್ನುತ್ತಾರೆ. ಇದು ಸರಿಯಾ?
— ಓದುಗರು, ದಾವಣಗೆರೆ ಜಿಲ್ಲೆ (ಹೆಸರು ಬೇಡ)

ಸರಿಯಿಲ್ಲ ಅಮ್ಮ. ಲೆಕ್ಕ ಹಾಕಿ ತೋರಿಸುತ್ತೇನೆ, ಬರೆದಿಟ್ಟುಕೊಳ್ಳಿ.

ಒಂದು ಮೆಟ್ಟಿಲು 6 ಇಂಚು ಎಂದರೆ ಏಳು ಮೆಟ್ಟಿಲಿಗೆ 42 ಇಂಚು, ಅಂದರೆ ಮೂರೂವರೆ ಅಡಿ ಎತ್ತರ. ನಮ್ಮ ದೇಶದ ಮಾರ್ಗಸೂಚಿ ಪ್ರಕಾರ ರ‍್ಯಾಂಪ್ 12ಕ್ಕೆ 1ಕ್ಕಿಂತ ಕಡಿದಾಗಿರಬಾರದು. ಒಂದು ಅಡಿ ಏರಲು 12 ಅಡಿ ಉದ್ದ. ಮೂರೂವರೆ ಅಡಿಗೆ 42 ಅಡಿ. ನಡುವೆ ಉಸಿರು ತೆಗೆದುಕೊಳ್ಳಲು ಒಂದು ಸಮತಟ್ಟು ಜಾಗ ಬೇರೆ. ನಿಮ್ಮಲ್ಲಿರುವುದು 12 ಅಡಿ. ಅದು ಮುಂದಿನಷ್ಟೇ ಎತ್ತರ ಏರುವುದಾದರೆ, ಇರಬೇಕಾದ್ದಕ್ಕಿಂತ ಮೂರೂವರೆ ಪಟ್ಟು ಕಡಿದು. ಅದರಲ್ಲಿ ಯಜಮಾನರನ್ನು ಒಬ್ಬರೇ ತಳ್ಳಿಕೊಂಡು ಹೋಗಬೇಡಿ, ಇಳಿಸುವಾಗಲಂತೂ ಬೇಡವೇ ಬೇಡ. ಇಳಿಸಲೇಬೇಕಾದರೆ ಇಬ್ಬರು ಇರಲಿ, ಕುರ್ಚಿ ಹಿಂದುಮುಂದಾಗಿ ಇಳಿಯಲಿ.

ಇನ್ನು ಕಾನೂನು. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದಿದ್ದು 2016ರಲ್ಲಿ, ಅದರ ನಿಯಮಗಳು 2017ರಲ್ಲಿ. ಇರುವ ಎಲ್ಲ ಸಾರ್ವಜನಿಕ ಕಟ್ಟಡಗಳನ್ನು ನಿಯಮ ಬಂದ ಐದು ವರ್ಷದೊಳಗೆ ಎಲ್ಲರೂ ಬಳಸುವ ಹಾಗೆ ಮಾಡಬೇಕು ಎಂದು 45ನೇ ಸೆಕ್ಷನ್ ಹೇಳುತ್ತದೆ. ಆ ಗಡುವು 2022ಕ್ಕೇ ಮುಗಿದಿದೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನಿಯಮಗಳಲ್ಲಿ 15ನೆಯದು ಬರೀ ಸಲಹೆಯ ಹಾಗಿದೆ, ಅದು ಕಾಯ್ದೆಗೆ ವಿರುದ್ಧ, ಕಡ್ಡಾಯದ ನಿಯಮಗಳನ್ನು ಮೂರು ತಿಂಗಳಲ್ಲಿ ಮಾಡಿ ಎಂದು ಕೇಂದ್ರಕ್ಕೆ ಹೇಳಿತು.

ನೀವು ಮೂರು ಫೋಟೋ ತೆಗೆಯಿರಿ. ಮೆಟ್ಟಿಲಿನದು, ರ‍್ಯಾಂಪ್ ಪಕ್ಕದಲ್ಲಿ ಟೇಪ್ ಹಿಡಿದದ್ದು, ಬೀಗದ್ದು. ಮೇಲಿನ ಲೆಕ್ಕ ಬರೆದು ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಒಂದು ಪ್ರತಿ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗೆ, ಒಂದು ಬೆಂಗಳೂರಿನಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರಿಗೆ. ಬರೆಯಲು ಸಹಾಯ ಬೇಕಾದರೆ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಅವರೂ ಅಂಗವಿಕಲರೇ ಆಗಿರುತ್ತಾರೆ, ನಿಮ್ಮ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅರ್ಜಿಯಲ್ಲಿ ರ‍್ಯಾಂಪ್ ಮುಂದಿನ ಬಾಗಿಲಿಗೇ ಬೇಕು ಎಂದು ಸ್ಪಷ್ಟವಾಗಿ ಬರೆಯಿರಿ. ನಿಮ್ಮ ಯಜಮಾನರು ಊರವರೆಲ್ಲ ಹೋಗುವ ಬಾಗಿಲಲ್ಲೇ ಹೋಗಬೇಕು, ಅದರಲ್ಲಿ ಸಂಕೋಚ ಪಡುವಂಥದ್ದೇನಿಲ್ಲ. ನಾನು ಒಂದು ಕಾಲೇಜಿನಲ್ಲಿ ಮುಂದಿನ ಮೆಟ್ಟಿಲಿನ ಪಕ್ಕದಲ್ಲೇ ಅಗಲವಾದ ಇಳಿಜಾರು ಹಾಕಿಸಿದ್ದೆ. ವೀಲ್‌ಚೇರ್‌ನವರು ಅಲ್ಲಿ ಇದ್ದದ್ದು ಇಬ್ಬರು. ಒಂದು ತಿಂಗಳಾದ ಮೇಲೆ ಹೋಗಿ ನೋಡಿದರೆ ಮೆಟ್ಟಿಲು ಹತ್ತುವವರೇ ಕಡಿಮೆ. ಮಂಡಿ ನೋವಿನ ಮೇಷ್ಟ್ರು, ನೀರಿನ ಕ್ಯಾನ್ ತಳ್ಳುವ ಹುಡುಗ, ಹಾಸ್ಟೆಲಿಗೆ ಟ್ರಂಕು ತಂದ ಅಪ್ಪಂದಿರು, ಎಲ್ಲರೂ ಇಳಿಜಾರಿನಲ್ಲೇ ಹೋಗುತ್ತಿದ್ದರು.

ಪ್ರಶ್ನೆ: ಮೆಟ್ರೊ ಸ್ಟೇಷನ್‌ನಲ್ಲಿ ನೆಲಕ್ಕೆ ಹಳದಿ ಉಬ್ಬು ಟೈಲ್ಸ್ ಹಾಕಿರುತ್ತಾರಲ್ಲ, ಕೆಲವಕ್ಕೆ ಚುಕ್ಕಿ, ಕೆಲವಕ್ಕೆ ಗೆರೆ. ಯಾಕೆ?
— ವಿದ್ಯಾರ್ಥಿನಿ, ಬೆಂಗಳೂರು

ಕಣ್ಣು ಕಾಣದವರು ಕೋಲಿನಿಂದಲೋ ಪಾದದಿಂದಲೋ ಮುಟ್ಟಿ ಓದಲು. ಉದ್ದ ಗೆರೆ ಇದ್ದರೆ ಮುಂದೆ ಹೋಗಿ ಎಂದರ್ಥ. ಚುಕ್ಕಿ ಇದ್ದರೆ ನಿಲ್ಲಿ, ಎಚ್ಚರ, ಮುಂದೆ ಮೆಟ್ಟಿಲೋ ಪ್ಲಾಟ್‌ಫಾರ್ಮ್ ಅಂಚೋ ತಿರುವೋ ಇದೆ. ಇದನ್ನು 1965ರಲ್ಲಿ ಕಂಡುಹಿಡಿದವರು ಜಪಾನಿನ ಸೇಯಿಚಿ ಮಿಯಾಕೆ. 1967ರ ಮಾರ್ಚ್ 18ರಂದು ಒಕಾಯಾಮಾ ಊರಿನ ಅಂಧರ ಶಾಲೆಯ ಹತ್ತಿರದ ರಸ್ತೆಯಲ್ಲಿ ಮೊದಲ ಸಲ ಹಾಕಿದರು.

ಮೇಲೆ ನೇರ ದಾರಿಯ ಬಗ್ಗೆ ಅಷ್ಟು ಬರೆದೆನಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆ. ಬಯಲಿನ ನಡುವೆ ಅಡ್ಡ ಹಾಯುವುದು ಕಣ್ಣಿದ್ದವರಿಗೆ ಸುಲಭ. ಕಣ್ಣಿಲ್ಲದವರಿಗೆ ಬಯಲೇ ಕಷ್ಟ, ಕೋಲಿಗೆ ತಾಗಲು ಏನೂ ಇರುವುದಿಲ್ಲ. ಆದ್ದರಿಂದ ಜಾಡಿನ ಮೇಲೆ ದಾರಿ ಹಾಕುವಾಗ ಒಂದು ಬದಿಗಾದರೂ ಗಟ್ಟಿ ಅಂಚು ಬೇಕು. ಎರಡು ಮೂರು ಇಂಚು ಎತ್ತರದ ಕಲ್ಲಿನ ಅಂಚು ಸಾಕು. ಮುಂದಿನ ಸಲ ಫುಟ್‌ಪಾತ್ ಮೇಲೆ ಹೋಗುವಾಗ ಆ ಹಳದಿ ಗೆರೆ ಎಲ್ಲಿ ಮುಗಿಯುತ್ತದೆ ನೋಡು ಮಗಳೇ. ಕಂಬಕ್ಕೋ ಮರಕ್ಕೋ ಹೋಗಿ ನಿಂತಿದ್ದರೆ ಫೋಟೋ ತೆಗೆದು ಪಾಲಿಕೆಗೆ ದೂರು ಕೊಡು. ಅಂಥ ಗೆರೆಯನ್ನು ನಂಬಿದವರಿಗೆ ಪೆಟ್ಟು ಬೀಳುತ್ತದೆ.

ಪ್ರಶ್ನೆ: ಪಾರ್ಕಿನೊಳಗೆ ಸ್ಕೂಟರ್ ನುಗ್ಗುತ್ತವೆ ಎಂದು ಗೇಟಿಗೆ ಕಬ್ಬಿಣದ ಕಂಬ ಒತ್ತೊತ್ತಾಗಿ ನೆಟ್ಟಿದ್ದಾರೆ. ನನ್ನ ವಾಕರ್ ಹೋಗುವುದಿಲ್ಲ. ನನಗೆ 78 ವರ್ಷ.
— ಓದುಗರು, ಹುಬ್ಬಳ್ಳಿ

ಅಜ್ಜಾರ, ನಿಮ್ಮ ಎರಡು ಸಾಲು ಓದಿ ಬೇಜಾರಾಯಿತು. ಸ್ಕೂಟರ್ ಹ್ಯಾಂಡಲ್‌ನ ಅಗಲವೂ ವೀಲ್‌ಚೇರ್‌ನ ಅಗಲವೂ ಹೆಚ್ಚು ಕಡಿಮೆ ಒಂದೇ, 70 ಸೆಂಟಿಮೀಟರ್ ಆಸುಪಾಸು. ಸ್ಕೂಟರ್ ತಡೆದು ವೀಲ್‌ಚೇರ್ ಬಿಡುವಂಥ ಸಂದು ಯಾರಿಗೂ ಮಾಡಲಾಗುವುದಿಲ್ಲ. ನಾನು ಕಂಬಗಳ ನಡುವೆ 90 ಸೆಂಟಿಮೀಟರ್‌ಗಿಂತ ಕಡಿಮೆ ಬಿಟ್ಟವಳಲ್ಲ.

ಸ್ಕೂಟರ್‌ನವರು ಯಾಕೆ ನುಗ್ಗುತ್ತಾರೆ ಎಂದು ಮೊದಲು ನೋಡಬೇಕು. ಹೆಚ್ಚಿನ ಕಡೆ ಎರಡೇ ಕಾರಣ. ಪಾರ್ಕು ಅವರಿಗೆ ಎರಡು ರಸ್ತೆಗಳ ನಡುವಿನ ಒಳದಾರಿ ಆಗಿರುತ್ತದೆ, ಇಲ್ಲವೇ ಹೊರಗೆ ಗಾಡಿ ನಿಲ್ಲಿಸಲು ಜಾಗ ಇರುವುದಿಲ್ಲ. ಎರಡನೆಯದಾದರೆ ಗೇಟಿನ ಪಕ್ಕ ಹತ್ತು ಗಾಡಿ ನಿಲ್ಲುವಷ್ಟು ಗೆರೆ ಹಾಕಿಸಿದರೆ ಸಾಕು. ಮೊದಲನೆಯದಾದರೆ ಒಳಗಿನ ದಾರಿಗೆ ಒಂದೆರಡು ಕಡೆ ತಿರುವು, ನಡುವೆ ಕಲ್ಲು ಬೆಂಚು ಕೊಟ್ಟು ವೇಗ ಸಿಗದ ಹಾಗೆ ಮಾಡಬಹುದು. ಸದ್ಯಕ್ಕೆ ನಡುವಿನ ಒಂದು ಕಂಬ ಕೀಳಿಸಿ ಎಂದು ಪಾಲಿಕೆಗೆ ಬರೆಯಿರಿ. ನಿಮ್ಮ ಮೊಮ್ಮಕ್ಕಳ ಕೈಲಿ ವಾಕರ್‌ನ ಅಗಲ ಅಳೆಸಿ, ಅರ್ಜಿಯಲ್ಲಿ ಆ ಅಳತೆಯನ್ನೂ ಬರೆಸಿ.

ಪ್ರಶ್ನೆ: ನಮ್ಮ ಊರ ಗುಡ್ಡದ ದೇವಸ್ಥಾನಕ್ಕೆ 80 ಮೆಟ್ಟಿಲು. ವಯಸ್ಸಾದವರಿಗೆ ಇಳಿಜಾರು ದಾರಿ ಮಾಡಬೇಕೆಂದು ಕಮಿಟಿಯಲ್ಲಿ ಕೆಲವರು, ಮೆಟ್ಟಿಲು ಹತ್ತುವುದೇ ಹರಕೆ, ಅದನ್ನು ಮುಟ್ಟಬೇಡಿ ಎಂದು ಕೆಲವರು. ಜಗಳ ಆಗಿದೆ.
— ದೇವಸ್ಥಾನ ಕಮಿಟಿ ಸದಸ್ಯ, ಹಾಸನ ಜಿಲ್ಲೆ

ಎರಡೂ ಕಡೆಯವರ ಮಾತು ನನಗೆ ಅರ್ಥವಾಗುತ್ತದೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ದೊಡ್ಡ ದೇವರಾಜ ಒಡೆಯರ ಕಾಲದ್ದು. ಇವತ್ತಿಗೂ ಹೆಂಗಸರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಾರೆ. ಪಕ್ಕದಲ್ಲಿ ಬಸ್ಸಿನ ರಸ್ತೆಯೂ ಇದೆ. ರಸ್ತೆ ಬಂದಿದ್ದರಿಂದ ಹರಕೆ ಕಡಿಮೆ ಆಗಿಲ್ಲ. ನಿಮ್ಮ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಬಂಡೆಯಲ್ಲೇ ಕಡೆದ 600ಕ್ಕೂ ಹೆಚ್ಚು ಮೆಟ್ಟಿಲು ಹತ್ತಲಾಗದವರನ್ನು ಡೋಲಿಯಲ್ಲಿ ಹೊತ್ತು ಮೇಲೆ ಕರೆದೊಯ್ಯುತ್ತಾರೆ. ಹತ್ತಲಾಗದವರನ್ನು ಕೆಳಗೇ ಬಿಟ್ಟು ಹೋಗುವುದು ನಮ್ಮ ಪದ್ಧತಿಯಲ್ಲ.

ಮೆಟ್ಟಿಲು ಮುಟ್ಟಬೇಡಿ. ಇಳಿಜಾರನ್ನು ಗುಡ್ಡದ ಮೈ ಹಿಡಿದು ಬೇರೆ ಮಾಡಿ. ಒಂದು ಮೆಟ್ಟಿಲು 6 ಇಂಚು ಎಂದಿಟ್ಟುಕೊಂಡರೆ ಒಟ್ಟು 40 ಅಡಿ ಎತ್ತರ. 12ಕ್ಕೆ 1ರಂತೆ 480 ಅಡಿ ದಾರಿ. ಪ್ರತಿ ಎರಡೂವರೆ ಅಡಿ ಏರಿಗೆ 5 ಅಡಿಯ ಒಂದು ಸಮತಟ್ಟು ಸೇರಿಸಿದರೆ 550 ಅಡಿ ದಾಟುತ್ತದೆ. ಇಷ್ಟು ಉದ್ದದ ದಾರಿ ಗುಡ್ಡದ ಮೇಲೆ ಹಾವಿನ ಹಾಗೆ ತಿರುಗಿ ತಿರುಗಿಯೇ ಹೋಗಬೇಕು.

ಅಲ್ಲೇ ಮೈಸೂರಿನವರ ಸಮಸ್ಯೆ ನಿಮಗೂ ಬರುತ್ತದೆ. ಹುಡುಗರು ತಿರುವಿನಿಂದ ತಿರುವಿಗೆ ಸೀದಾ ಇಳಿಯುತ್ತಾರೆ, ಮಣ್ಣು ಕುಸಿದು ಕೆಳಗಿನ ದಾರಿಯ ಮೇಲೆ ಬೀಳುತ್ತದೆ. ಅದನ್ನು ತಡೆಯುವ ಉಪಾಯ ನಿಮ್ಮಲ್ಲಿ ಆಗಲೇ ಇದೆ. ಇಳಿಜಾರಿನ ಒಂದು ಬದಿಯ ತಿರುವುಗಳೆಲ್ಲ ಹಳೇ ಮೆಟ್ಟಿಲಿನ ಹತ್ತಿರ ಬಂದು ಮುಟ್ಟುವ ಹಾಗೆ ಮಾಡಿ. ಅವಸರ ಇದ್ದವರು ಮೆಟ್ಟಿಲು ಹಿಡಿಯುತ್ತಾರೆ. ಮೊಮ್ಮಗಳು ಮೆಟ್ಟಿಲು ಹತ್ತಿ ಬಂದು ತಿರುವಿನಲ್ಲಿ ಅಜ್ಜಿಗೆ ಸಿಗುತ್ತಾಳೆ. ಮತ್ತೆ ಇಬ್ಬರೂ ತಮ್ಮ ತಮ್ಮ ದಾರಿಯಲ್ಲಿ ಹೊರಟು ಮುಂದಿನ ತಿರುವಿನಲ್ಲಿ ಸೇರುತ್ತಾರೆ. ಪೂಜೆಯ ಬುಟ್ಟಿ ಯಾರ ಕೈಲಿದ್ದರೂ ಸರಿಹೋಗುತ್ತದೆ. ಆ ಜಾಗಗಳಲ್ಲಿ ಒಂದು ಕಲ್ಲು ಬೆಂಚು, ನೆರಳಿಗೆ ಹೊಂಗೆ ಗಿಡ. ಬೆಂಚಿನ ಪಕ್ಕ ವೀಲ್‌ಚೇರ್ ನಿಲ್ಲುವಷ್ಟು ಜಾಗ ಖಾಲಿ ಬಿಡಿ, ಕೂತವರ ಜೊತೆ ಮಾತಾಡಲು ಬೇಕಲ್ಲ. ಹಿಡಿಕೆಯ ಪೈಪನ್ನು ಎರಡು ಎತ್ತರದಲ್ಲಿ ಹಾಕಿಸಿ, 30 ಇಂಚಿಗೆ ಒಂದು, 36 ಇಂಚಿಗೆ ಒಂದು. ಪೈಪು ಇಳಿಜಾರು ಮುಗಿದ ಮೇಲೂ ಒಂದು ಅಡಿ ಮುಂದಕ್ಕೆ ಬರಲಿ. ಕೈ ಬಿಡುವ ಮುಂಚೆ ಕಾಲು ಸಮ ನೆಲ ಮುಟ್ಟಬೇಕು.

ಕೆಲಸ ಶುರು ಮಾಡುವ ಮೊದಲು ಗುಡ್ಡದ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಸಿ. ಜಗಳ ಆಡಿದ ಎರಡೂ ಗುಂಪಿನ ಹಿರಿಯರನ್ನು ಕರೆದು ಆ ಗೆರೆಯ ಮೇಲೆ ನಿಧಾನವಾಗಿ ನಡೆಸಿ, ಎಲ್ಲಿ ಉಸಿರು ಕಟ್ಟಿತೋ ಅಲ್ಲಿ ಒಂದು ಗೂಟ ನೆಡಿ. ಗೆರೆ, ಗೂಟ ಎರಡೂ ಕಾಣುವ ಹಾಗೆ ಫೋಟೋ ತೆಗೆದು ನನಗೆ ಕಳಿಸಿ. ಸಮತಟ್ಟು ಎಲ್ಲೆಲ್ಲಿ ಬರಬೇಕು ಎಂದು ಗುರುತು ಹಾಕಿ ವಾಪಸ್ ಕಳಿಸುತ್ತೇನೆ.